ಮಾದರಿ ವಿಮಾನದ ಪಾಠಕ್ಕೆ ಮೈದಾನ ಪೆಟ್ಟಿಗೆ

ಪೀಠಿಕೆ

ಒಂಬತ್ತನೆಯ ತರಗತಿಯಲ್ಲಿ ಚಲನೆಯ ನಿಯಮಗಳನ್ನೂ ಶಕ್ತಿಯ ರೂಪಾಂತರವನ್ನೂ ಒಂದೇ ಚಟುವಟಿಕೆಯಲ್ಲಿ ತೋರಿಸಲು ರಬ್ಬರ್ ಶಕ್ತಿಯಿಂದ ಹಾರುವ ಮಾದರಿ ವಿಮಾನ ಬಹಳ ಅನುಕೂಲ. ಫ್ರಾನ್ಸಿನ ಅಲ್ಫಾನ್ಸ್ ಪೆನೋ 1871ರಲ್ಲಿ ಪ್ಯಾರಿಸ್ಸಿನಲ್ಲಿ ಇಂಥದೊಂದು ಮಾದರಿಯನ್ನು 11 ಸೆಕೆಂಡು ಹಾರಿಸಿ ತೋರಿಸಿದ್ದರು. ತತ್ವ ಇಂದಿಗೂ ಅದೇ: ತಿರುಚಿದ ರಬ್ಬರಿನ ಪ್ರಚ್ಛನ್ನ ಶಕ್ತಿ ಚಲನ ಶಕ್ತಿಯಾಗುತ್ತದೆ, ಪ್ರೊಪೆಲ್ಲರ್ ಗಾಳಿಯನ್ನು ಹಿಂದಕ್ಕೆ ತಳ್ಳುತ್ತದೆ, ವಿಮಾನ ಮುಂದಕ್ಕೆ ಸಾಗುತ್ತದೆ.

ಆದರೆ ಮೈದಾನಕ್ಕೆ ಹೋದ ಮೇಲೆ ಅಂಟು ಸಿಗದಿದ್ದರೆ 40 ನಿಮಿಷದ ಅವಧಿ ಹುಡುಕಾಟದಲ್ಲೇ ಮುಗಿಯುತ್ತದೆ. ಆದ್ದರಿಂದ ಪಾಠ ಯೋಜನೆಯ ಜೊತೆಗೇ ಪೆಟ್ಟಿಗೆಯನ್ನೂ ಯೋಜಿಸಬೇಕು.

ಪೆಟ್ಟಿಗೆಯ ರಚನೆ

ಸುಮಾರು 45 ಸೆಂ.ಮೀ. ಉದ್ದ, 25 ಸೆಂ.ಮೀ. ಅಗಲದ, ಮೇಲೆ ಹಿಡಿಯಿರುವ ಪ್ಲೈವುಡ್ ಪೆಟ್ಟಿಗೆ ಸಾಕು. ಎರಡು ತುದಿಗಳಲ್ಲಿ ಅರ್ಧಚಂದ್ರಾಕಾರದಲ್ಲಿ ಕತ್ತರಿಸಿದ ಹಲಗೆ ನಿಲ್ಲಿಸಿ ಸ್ಪಂಜು ಅಂಟಿಸಿದರೆ, ದುರಸ್ತಿಯ ವೇಳೆ ವಿಮಾನವನ್ನು ಅದರ ಮೇಲೆ ಮಲಗಿಸಬಹುದು.

ಸಾಮಗ್ರಿಗಳನ್ನು ಕೆಲಸದ ಕ್ರಮದಲ್ಲಿ ನಾಲ್ಕು ಖಾನೆಗಳಲ್ಲಿ ಜೋಡಿಸಬೇಕು.

1. ಪರಿಶೀಲನೆ: ಅಳತೆಪಟ್ಟಿ, ಪೆನ್ಸಿಲ್, ಜೇಡಿಮಣ್ಣು, ಗಾಳಿಯ ದಿಕ್ಕು ನೋಡಲು ಕೋಲಿಗೆ ಕಟ್ಟಿದ ರಿಬ್ಬನ್.
2. ಹಾರಾಟ: ಮುಚ್ಚಿದ ಡಬ್ಬಿಯಲ್ಲಿ ರಬ್ಬರ್ ಸುರುಳಿಗಳು, ತುದಿಗೆ ಕೊಕ್ಕೆ ಹಾಕಿದ ಕೈ ಡ್ರಿಲ್, ರಕ್ಷಣಾ ಕನ್ನಡಕ.
3. ದುರಸ್ತಿ: ಅಂಟು, ಟೇಪು, ಬಾಲ್ಸಾ ಮರದ ತುಂಡುಗಳು, ಮರಳು ಕಾಗದ, ಬ್ಲೇಡು.
4. ದಾಖಲೆ ಮತ್ತು ಸುರಕ್ಷತೆ: ನಿಲ್ಗಡಿಯಾರ, ವೀಕ್ಷಣಾ ಪುಸ್ತಕ, ಹತ್ತಿ, ಬ್ಯಾಂಡೇಜು.

ಪೆಟ್ಟಿಗೆಯೇ ಮೊದಲ ಪಾಠೋಪಕರಣ. ಭಾರವಾದ ಡ್ರಿಲ್ಲನ್ನು ಒಂದು ತುದಿಗೆ ಇಟ್ಟು ಎತ್ತಿಸಿದರೆ ಪೆಟ್ಟಿಗೆ ಆ ಕಡೆಗೆ ವಾಲುತ್ತದೆ. ಹಿಡಿಯ ನೇರ ಕೆಳಗೆ ಇಟ್ಟರೆ ಸಮವಾಗಿ ನಿಲ್ಲುತ್ತದೆ. ಗುರುತ್ವ ಕೇಂದ್ರದ ಅರ್ಥ ಹೀಗೆ ಮೊದಲು ಕೈಗೆ ತಿಳಿಯುತ್ತದೆ, ವ್ಯಾಖ್ಯೆ ಆಮೇಲೆ ಬರುತ್ತದೆ.

ಚಟುವಟಿಕೆಯ ಹಂತಗಳು

ರೆಕ್ಕೆಯ ಅಗಲ 9 ಸೆಂ.ಮೀ. ಇದ್ದರೆ ಮುಂಬದಿಯ ಅಂಚಿನಿಂದ ಸುಮಾರು 3 ಸೆಂ.ಮೀ. ಹಿಂದಕ್ಕೆ, ಎರಡೂ ರೆಕ್ಕೆಗಳ ಕೆಳಗೆ ಗುರುತು ಹಾಕಿಸಬೇಕು. ಅಲ್ಲಿ ಬೆರಳ ತುದಿಯಿಂದ ಎತ್ತಿದಾಗ ವಿಮಾನ ಸಮವಾಗಿ ನಿಲ್ಲಬೇಕು. ಅನಂತರ ರಬ್ಬರ್ ಸುತ್ತದೆಯೇ, ಗಾಳಿಗೆ ಎದುರಾಗಿ, ನೆಲಕ್ಕೆ ಸಮಾಂತರವಾಗಿ ಮೆಲ್ಲನೆ ತೇಲಿಬಿಡಬೇಕು. ಮೂತಿ ಮೇಲೆತ್ತಿ, ವೇಗ ಕಳೆದುಕೊಂಡು ಕುಸಿದರೆ ಮೂತಿಗೆ ಚೂರು ಜೇಡಿಮಣ್ಣು ಸೇರಿಸಬೇಕು. ನೇರ ನೆಲಕ್ಕೆ ಮುಗ್ಗರಿಸಿದರೆ ತೆಗೆಯಬೇಕು. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿಸಬೇಕು; ಎರಡನ್ನು ಒಟ್ಟಿಗೆ ಮಾಡಿದರೆ ಯಾವುದರಿಂದ ಏನಾಯಿತೆಂದು ಹೇಳಲಾಗದು.

ಸುತ್ತುವಾಗ ಒಬ್ಬರು ವಿಮಾನವನ್ನು ಭದ್ರವಾಗಿ ಹಿಡಿಯಬೇಕು. ಇನ್ನೊಬ್ಬರು ಕನ್ನಡಕ ಧರಿಸಿ, ರಬ್ಬರನ್ನು ಹಿಗ್ಗಿಸಿ, ಸುತ್ತುತ್ತಾ ಹತ್ತಿರ ಬರಬೇಕು. ಡ್ರಿಲ್ಲಿನ ಹಿಡಿಯ ಒಂದು ಸುತ್ತಿಗೆ ಕೊಕ್ಕೆ ಎಷ್ಟು ಸುತ್ತು ತಿರುಗುತ್ತದೆ ಎಂಬುದನ್ನು ವಿದ್ಯಾರ್ಥಿಗಳೇ ಎಣಿಸಲಿ. ರಬ್ಬರ್ ತಡೆಯುವ ಮಿತಿಯೊಳಗೆ 50, 100, 150 ಸುತ್ತುಗಳಿಗೆ ತಲಾ ಮೂರು ಹಾರಾಟ ಮಾಡಿಸಿ ಸರಾಸರಿ ಕಾಲ ಬರೆಸಬೇಕು.

ಗುಂಪಿನ ನಿರ್ವಹಣೆ

ಐವರ ಗುಂಪಿನಲ್ಲಿ ಪೆಟ್ಟಿಗೆ ನೋಡಿಕೊಳ್ಳುವವರು, ಹಿಡಿಯುವವರು, ಸುತ್ತುವವರು, ಕಾಲ ಅಳೆಯುವವರು, ಬರೆಯುವವರು ಎಂದು ಕೆಲಸ ಹಂಚಬೇಕು. ವಿಮಾನವನ್ನು ಹಿಡಿದವರೇ ಹಾರಿಬಿಡಲಿ. ಪ್ರತಿ ಸುತ್ತುಸಂಖ್ಯೆಯ ಹಾರಾಟಗಳು ಮುಗಿದ ಮೇಲೆ ಕೆಲಸ ಅದಲುಬದಲಾಗಬೇಕು. ಇಲ್ಲದಿದ್ದರೆ ಡ್ರಿಲ್ಲು ಚುರುಕಾದ ಒಬ್ಬ ಹುಡುಗನ ಕೈಯಲ್ಲೂ, ಪುಸ್ತಕ ಅಕ್ಷರ ಚೆನ್ನಾಗಿರುವ ಹುಡುಗಿಯ ಕೈಯಲ್ಲೂ ಕೊನೆಯವರೆಗೆ ಉಳಿಯುತ್ತವೆ.

ಬ್ಲೇಡನ್ನು ಮಾತ್ರ ಶಿಕ್ಷಕರೇ ಬಳಸಬೇಕು. ಪ್ರತಿ ಉಪಕರಣದ ಆಕೃತಿಯನ್ನು ಅದರ ಖಾನೆಯ ತಳದಲ್ಲಿ ಬಣ್ಣದಿಂದ ಬರೆದಿಟ್ಟರೆ, ಇಲ್ಲದ್ದು ಒಂದೇ ನೋಟಕ್ಕೆ ಕಾಣುತ್ತದೆ. ಸಂಜೆ ಅದೇ ಮೈದಾನದಲ್ಲಿ ಮಕ್ಕಳು ಬರಿಗಾಲಲ್ಲಿ ಕಬಡ್ಡಿ ಆಡುತ್ತಾರೆ. ಬ್ಲೇಡಿನ ಜಾಗ ಖಾಲಿಯಿದ್ದರೆ, ಗಂಟೆ ಬಾರಿಸಿದ್ದರೂ ಅದು ಸಿಗುವವರೆಗೆ ಮೈದಾನ ಬಿಡಬಾರದು.

ಮೌಲ್ಯಮಾಪನ

ಹೆಚ್ಚು ಹೊತ್ತು ಹಾರಿಸಿದ ಗುಂಪಿಗೆ ಹೆಚ್ಚು ಅಂಕ ಕೊಡುವುದು ಸರಿಯಲ್ಲ. ಮಾಡಿದ ಬದಲಾವಣೆಗೆ ಕಾರಣ ಹೇಳಬಲ್ಲರೇ, ಸುತ್ತು ಎರಡರಷ್ಟಾದಾಗ ಕಾಲವೂ ಎರಡರಷ್ಟಾಯಿತೇ ಎಂಬುದನ್ನು ತಮ್ಮದೇ ದಾಖಲೆಯಿಂದ ಉತ್ತರಿಸಬಲ್ಲರೇ, ಪೆಟ್ಟಿಗೆಯನ್ನು ಪೂರ್ಣವಾಗಿ ಮರಳಿಸಿದರೇ: ಈ ಮೂರನ್ನು ನೋಡಬೇಕು. ರೆಕ್ಕೆ ಮುರಿದರೂ ಕಾರಣ ಸರಿಯಾಗಿ ಬರೆದ ಗುಂಪು ಕಲಿಕಾ ಫಲವನ್ನು ಸಾಧಿಸಿದೆ ಎಂದೇ ತಿಳಿಯಬೇಕು.