ದೀಪಕ್ಕೆ ಬಂದ ರಾಣಿಯರು

ನೀವು ಕಳಿಸಿದ ಮೂರೂ ಫೋಟೊ ನೋಡಿದೆ. ಹಸಿರು ಮೈಯದ್ದು ಚಗಳಿ ರಾಣಿ, ಅನುಮಾನವೇ ಬೇಡ. ಮಲೆನಾಡಿನಲ್ಲಿ ಚಟ್ನಿಯಾಗುವ ಕೆಂಪಿರುವೆಯ ತಾಯಿಯೇ ಅವಳು. ಮಕ್ಕಳ ಬಣ್ಣ ನಂಬಿ ಹುಡುಕಿದರೆ ಸಿಗುವುದಿಲ್ಲ. ರೆಕ್ಕೆ ಉದ್ದದ ಕಂದು ಹುಳು ಇರುವೆಯೇ ಅಲ್ಲ, ಗೆದ್ದಲು: ಸೊಂಟವಿಲ್ಲ, ಮೀಸೆ ಮಣಿಸರದಂತೆ ನೇರ.

ಕಷ್ಟವಿರುವುದು ಕಪ್ಪಿನದರಲ್ಲಿ. ಸೊಂಟದಲ್ಲಿ ಒಂದೇ ಗಂಟು, ದಪ್ಪ ಎದೆ, ಒಂದೂವರೆ ಸೆಂ.ಮೀ. ಉದ್ದ, ಅಲ್ಲಿಗೆ ಗೊದ್ದದ ಕುಲ, ಕ್ಯಾಂಪೊನೋಟಸ್. ಗಂಟು ಎರಡಿದ್ದಿದ್ದರೆ ಬೇರೆಯೇ ಗುಂಪು. ಈ ಫೋಟೊ ನೋಡಿ ಇವಳ ಪ್ರಭೇದ ಹೇಳುವುದು ಕಣಿ ಹೇಳಿದಂತೆ, ಅದು ನನ್ನಿಂದಾಗದು. ತಿಳಿಯಬೇಕೆಂದರೆ ಈ ರಾಣಿಯನ್ನು ಸಾಕಿ ನೋಡಿ. ಸಕ್ಕರೆ ಹಾಕಬೇಡಿ, ರೆಕ್ಕೆಯ ಸ್ನಾಯು ಕರಗಿಸಿಯೇ ಅವಳು ಮೊದಲ ಮರಿಗಳನ್ನು ಸಾಕುತ್ತಾಳೆ. ಒದ್ದೆ ಹತ್ತಿ, ಕತ್ತಲು ಸಾಕು. ಕೆಲಸಗಾರ್ತಿಯರು ಹುಟ್ಟಿದ ಮೇಲೆ ಪಕ್ಕದಿಂದ ಫೋಟೊ ತೆಗೆದು, ರಾಣಿಯನ್ನು ಹಿಡಿದ ಊರು, ದಿನ, ಹೊತ್ತು ಬರೆದು ಕಳಿಸಿ.