ಕೆಡದ ಸೀರಮ್ಮಿಗೆ ನಿಂಬೆಹಣ್ಣು ಬೇಡ

ಪುಟ್ಟಿ, ನೀನು ಕಳಿಸಿದ ಪಟ್ಟಿ ನೋಡಿದೆ. ನಿಂಬೆರಸ, ಅರಿಶಿನ, ಲೋಳೆಸರದ ತಿರುಳು, ರೋಸ್ ವಾಟರ್, ಎರಡು ವಿಟಮಿನ್ ಇ ಕ್ಯಾಪ್ಸೂಲ್. ಮುಖಕ್ಕೆ ಕಾಂತಿ ಬರಬೇಕು, ಆರು ತಿಂಗಳು ಕೆಡಬಾರದು, ಕೆಮಿಕಲ್ ಒಂದೂ ಇರಬಾರದು ಅಂತ ಮೂರು ಷರತ್ತು ಬೇರೆ. ಕಾಲೇಜಿನಲ್ಲಿ ರಸಾಯನಶಾಸ್ತ್ರ ಪಾಠ ಮಾಡಿ ನಿವೃತ್ತಳಾದ ಅತ್ತೆಯನ್ನು ಕೇಳಿದ ಮೇಲೆ ಉತ್ತರವನ್ನೂ ತಡೆದುಕೊಳ್ಳಬೇಕು. ಮೂರನೆಯ ಷರತ್ತು ಬಿಡದಿದ್ದರೆ ಎರಡನೆಯದು ಆಗುವ ಮಾತಲ್ಲ. ನೀರೂ ಕೆಮಿಕಲ್ಲೇ ಕಣೇ.

ಹಿತ್ತಲ ಗಿಡ ಮದ್ದಲ್ಲ ಅಂತ ನಮ್ಮ ಹಿರಿಯರು ಗಾದೆ ಮಾಡಿದರು. ನಿಮ್ಮ ಕಾಲಕ್ಕೆ ಹಿತ್ತಲಲ್ಲಿ ಬೆಳೆದದ್ದೆಲ್ಲ ಮದ್ದೇ ಆಗಿಬಿಟ್ಟಿದೆ. ನಿಂಬೆರಸದ ಪಿಎಚ್ ಸುಮಾರು 2. ಉರಿ ಒಂದು ಕಡೆ ಇರಲಿ, ನಿಂಬೆಜಾತಿಯ ಹಣ್ಣುಗಳಲ್ಲಿ, ಅದರಲ್ಲೂ ಸಿಪ್ಪೆಯಲ್ಲಿ, ಫ್ಯೂರೊಕೌಮರಿನ್ ಎಂಬ ವಸ್ತು ಇದೆ. ಅದು ಚರ್ಮಕ್ಕೆ ತಾಗಿದ ಮೇಲೆ ಬಿಸಿಲಿಗೆ ಹೋದರೆ ಸುಟ್ಟ ಗಾಯದಂತೆ ಕೆಂಪಾಗಿ, ಕೊನೆಗೆ ಕಪ್ಪು ಕಲೆ ಉಳಿಯುತ್ತದೆ. ಕಲೆ ತೆಗೆಯಲು ಹೊರಟವಳಿಗೆ ಕಲೆ ಕೊಡುವ ಹಣ್ಣು ಯಾಕೆ? ಅರಿಶಿನದ ಕರ್ಕ್ಯುಮಿನ್ ನೀರಿನಲ್ಲಿ ಕರಗುವುದೇ ಇಲ್ಲ, ಬೆಳಕಿಗೆ ಇಟ್ಟರೆ ಒಡೆದುಹೋಗುತ್ತದೆ. ಲೋಳೆಸರದ ತಿರುಳಿನಲ್ಲಿ ಸಕ್ಕರೆಯ ಅಂಶಗಳಿವೆ, ಬ್ಯಾಕ್ಟೀರಿಯಾಕ್ಕೆ ಹಬ್ಬದೂಟ. ಎಲೆ ಕುಯ್ದಾಗ ಸೋರುವ ಹಳದಿ ರಸ ಕೆಲವರಿಗೆ ತುರಿಕೆಯನ್ನೂ ತರುತ್ತದೆ. ವಿಟಮಿನ್ ಇ ಎಣ್ಣೆ ನೀರಿನ ಮೇಲೆ ತೇಲುತ್ತದೆ, ಎಷ್ಟು ಕುಲುಕಿದರೂ ಸೇರುವುದಿಲ್ಲ.

ಕೆಡಿಸುವುದು ನೀರು. ಬರೀ ಎಣ್ಣೆಯಲ್ಲಿ ಜೀವಾಣು ಬೆಳೆಯುವುದು ಕಷ್ಟ, ನೀರು ಸೇರಿತೋ ಎರಡು ಮೂರು ದಿನದಲ್ಲೇ ಶುರು. ಉಪ್ಪಿನಕಾಯಿ ಭರಣಿಗೆ ಒದ್ದೆ ಚಮಚ ಹಾಕಿದರೆ ಅಜ್ಜಿ ಗದರುತ್ತಿದ್ದುದೂ ಇದೇ ಕಾರಣಕ್ಕೆ. ಆಲೂರು, ಸಕಲೇಶಪುರದ ಜುಲೈ ತಿಂಗಳು ನಿನಗೆ ಗೊತ್ತೇ ಇದೆ. ಬೀರುವಿನೊಳಗಿನ ಬೆಲ್ಟಿಗೂ ಬೂಷ್ಟು ಹಿಡಿಯುತ್ತದೆ. ಫ್ರಿಜ್ಜಿನಲ್ಲಿ ಇಡುತ್ತೇನೆ ಅನ್ನಬೇಡ, ಗಾಳಿಮಳೆಗೆ ಮರ ಬಿದ್ದು ಲೈನು ಹೋದರೆ ಕರೆಂಟು ಯಾವಾಗ ಬರುತ್ತದೆ ಎಂದು ಹೇಳುವವರಿಲ್ಲ. ಇನ್ನೊಂದು ವಿಷಯ: ಒಂದು ಮಿಲಿಲೀಟರಿನಲ್ಲಿ ಲಕ್ಷ ಬ್ಯಾಕ್ಟೀರಿಯಾ ಇದ್ದರೂ ದ್ರವ ತಿಳಿಯಾಗಿಯೇ ಕಾಣಬಹುದು. ವಾಸನೆ ಬಂದಿಲ್ಲ, ಬಣ್ಣ ಕೆಟ್ಟಿಲ್ಲ ಅಂದ ಮಾತ್ರಕ್ಕೆ ಅದು ಶುದ್ಧ ಎಂದಲ್ಲ. ಅದಕ್ಕೇ ಪ್ರಿಸರ್ವೇಟಿವ್ ಬೇಕೇ ಬೇಕು. ಆ ಹೆಸರು ಕೇಳಿ ಮುಖ ಸಿಂಡರಿಸಬೇಡ.

ವಿಟಮಿನ್ ಸಿ ಯಾಕೆ ಬೇಡ ಅಂತ ನೀನು ಕೇಳಿಯೇ ಕೇಳುತ್ತೀಯ. ಒಳ್ಳೆಯ ವಸ್ತುವೇ, ಆದರೆ ಮಹಾ ಚಂಚಲೆ. ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಚರ್ಮತಜ್ಞ ಶೆಲ್ಡನ್ ಪಿನ್ನೆಲ್ ಮತ್ತು ಸಂಗಡಿಗರು 2001ರಲ್ಲಿ ತೋರಿಸಿದ ಪ್ರಕಾರ ಎಲ್-ಆಸ್ಕಾರ್ಬಿಕ್ ಆಮ್ಲ ಚರ್ಮದೊಳಗೆ ಇಳಿಯಬೇಕಾದರೆ ದ್ರಾವಣದ ಪಿಎಚ್ 3.5ಕ್ಕಿಂತ ಕೆಳಗಿರಬೇಕು. ಶೇಕಡಾ 20ಕ್ಕಿಂತ ಹೆಚ್ಚು ಹಾಕಿ ಪ್ರಯೋಜನವಿಲ್ಲ. 2005ರಲ್ಲಿ ಅವರದೇ ತಂಡ ಶೇ. 15 ವಿಟಮಿನ್ ಸಿ, ಶೇ. 1 ವಿಟಮಿನ್ ಇ ಜೊತೆಗೆ ಶೇ. 0.5 ಫೆರುಲಿಕ್ ಆಮ್ಲ ಸೇರಿಸಿ ಅದನ್ನು ಸ್ವಲ್ಪ ಸ್ಥಿರಗೊಳಿಸಿತು. ಅದು ಪ್ರಯೋಗಾಲಯದ ಕೆಲಸ. ಮನೆಯಲ್ಲಿ ಕಲಸಿದ್ದು ಗಾಳಿ, ಬೆಳಕು, ಕಬ್ಬಿಣ, ತಾಮ್ರ ಏನು ತಾಗಿದರೂ ಹಳದಿಯಾಗಿ, ಆಮೇಲೆ ಟೀ ಡಿಕಾಕ್ಷನ್ನಿನ ಬಣ್ಣಕ್ಕೆ ತಿರುಗುತ್ತದೆ. ನಮ್ಮ ಬೋರ್‌ವೆಲ್ ನೀರು ಬಕೆಟ್ಟಿನಲ್ಲಿ ಬಿಡುವ ಕೆಂಪು ಕರೆ ನೋಡಿದ್ದೀಯಲ್ಲ, ಅದು ಕಬ್ಬಿಣವೇ. ಕುದಿಸಿದರೆ ಜೀವಾಣು ಸಾಯುತ್ತವೆ, ಕರಗಿದ ಲವಣ ಎಲ್ಲಿಗೂ ಹೋಗುವುದಿಲ್ಲ.

ನನ್ನ ಮಾತು ಕೇಳುವುದಾದರೆ ನಯಾಸಿನಮೈಡ್ ಹಿಡಿ. ಅದು ವಿಟಮಿನ್ ಬಿ3ಯ ಒಂದು ರೂಪ. ನೀರಿನಲ್ಲಿ ಸಲೀಸಾಗಿ ಕರಗುತ್ತದೆ, ಪಿಎಚ್ 5ರಿಂದ 7ರೊಳಗೆ ಗಟ್ಟಿಯಾಗಿ ನಿಲ್ಲುತ್ತದೆ, ಬೆಳಕಿಗೂ ಅಷ್ಟಾಗಿ ಹೆದರುವುದಿಲ್ಲ. ಬಣ್ಣದ ಕಣಗಳು ಹುಟ್ಟುವುದನ್ನು ಅದು ತಡೆಯುವುದಿಲ್ಲ, ಹುಟ್ಟಿದ ಕಣಗಳು ಚರ್ಮದ ಮೇಲುಕೋಶಗಳಿಗೆ ಸಾಗುವುದನ್ನು ಕಡಿಮೆ ಮಾಡುತ್ತದೆ. ಹಾಗಾಗಿ ಫಲ ನಿಧಾನ, ಎರಡು ತಿಂಗಳಾದರೂ ಹಿಡಿಯುತ್ತದೆ.

ಐವತ್ತು ಗ್ರಾಮಿಗೆ ಲೆಕ್ಕ ಬರೆದುಕೋ. ನಯಾಸಿನಮೈಡ್ 2 ಗ್ರಾಂ, ಗ್ಲಿಸರಿನ್ 2.5 ಗ್ರಾಂ, ಕ್ಸಾಂಥನ್ ಗಮ್ 0.1 ಗ್ರಾಂ, ಡೈಸೋಡಿಯಂ ಇಡಿಟಿಎ 0.05 ಗ್ರಾಂ, ಫೀನಾಕ್ಸಿಇಥನಾಲ್ ಮತ್ತು ಇಥೈಲ್‌ಹೆಕ್ಸೈಲ್‌ಗ್ಲಿಸರಿನ್ ಬೆರೆತ ಪ್ರಿಸರ್ವೇಟಿವ್ 0.45 ಗ್ರಾಂ, ಉಳಿದ 44.9 ಗ್ರಾಂ ನೀರು. ಮೆಡಿಕಲ್ ಶಾಪಿನಲ್ಲಿ ಇಂಜೆಕ್ಷನ್ ಕಲಸಲು ಕೊಡುವ 10 ಮಿಲಿಲೀಟರಿನ ಸ್ಟೆರೈಲ್ ವಾಟರ್ ಸಿಗುತ್ತದೆ, ಐದು ತಂದರೆ ಸಾಕು. ಬ್ಯಾಟರಿಗೆ ಹಾಕುವ ನೀರು ಬೇಡ. ಚಮಚದ ಲೆಕ್ಕ, ಹನಿಯ ಲೆಕ್ಕ ಎರಡೂ ಬೇಡ, 0.01 ಗ್ರಾಂ ತೋರಿಸುವ ಸಣ್ಣ ತಕ್ಕಡಿ ಕೊಂಡುಕೋ. ಫೀನಾಕ್ಸಿಇಥನಾಲಿಗೆ ಐರೋಪ್ಯ ಒಕ್ಕೂಟ ಇಟ್ಟಿರುವ ಮಿತಿ ಶೇ. 1, ನಾವು ಅದರೊಳಗೇ ಇದ್ದೇವೆ.

ಮೊದಲು ಗಮ್ಮನ್ನು ಗ್ಲಿಸರಿನ್ನಿನಲ್ಲಿ ಕಲಸು. ನೇರವಾಗಿ ನೀರಿಗೆ ಉದುರಿಸಿದರೆ ಗಂಟುಗಂಟಾಗಿ ಮೀನಿನ ಕಣ್ಣಿನ ಹಾಗೆ ತೇಲುತ್ತದೆ, ಮತ್ತೆ ಕರಗಿಸುವುದು ದೇವರಿಗೇ ಪ್ರೀತಿ. ಆಮೇಲೆ ನೀರು ಸ್ವಲ್ಪಸ್ವಲ್ಪವಾಗಿ, ಅದರ ಹಿಂದೆ ಇಡಿಟಿಎ, ನಯಾಸಿನಮೈಡ್. ಪ್ರಿಸರ್ವೇಟಿವ್ ಕೊನೆಗೆ. ಪಿಎಚ್ ಪಟ್ಟಿ ಅದ್ದಿ 5.5ರಿಂದ 6ರೊಳಗೆ ಇದೆಯೇ ನೋಡು. ಹೆಚ್ಚಿದ್ದರೆ ಸಿಟ್ರಿಕ್ ಆಮ್ಲವನ್ನು ನೀರಿನಲ್ಲಿ ಕರಗಿಸಿ ಒಂದೊಂದೇ ಹನಿ ಬಿಡು. ತೀರಾ ಹುಳಿಯಾದರೆ ನಯಾಸಿನಮೈಡ್ ನಿಧಾನವಾಗಿ ನಿಕೋಟಿನಿಕ್ ಆಮ್ಲವಾಗುತ್ತದೆ, ಮುಖ ಕೆಂಪಗೆ ಬಿಸಿಯೇರುವುದು ಅದರಿಂದಲೇ. ಪಾತ್ರೆ, ಚಮಚ, ಬಾಟಲಿಯನ್ನು ಮೊದಲೇ ಸ್ಪಿರಿಟ್ಟಿನಲ್ಲಿ ಒರೆಸಿ ಆರಿಸಿರಬೇಕು. ಬಾಟಲಿ ಕಂದು ಬಣ್ಣದ್ದಿರಲಿ, ಮುಚ್ಚಳ ಪಂಪಿನದಿರಲಿ. ಡ್ರಾಪರ್ ಕೆನ್ನೆಗೆ ತಾಗಿ ವಾಪಸ್ ಬಾಟಲಿಗೆ ಇಳಿದರೆ ಇಷ್ಟು ಶುದ್ಧಿ ಮಾಡಿದ್ದೆಲ್ಲ ದಂಡ.

ಮೇಲೆ ದಿನಾಂಕ ಬರೆ. ಎರಡು ತಿಂಗಳಿಗೆ ಮುಗಿಸು, ಉಳಿದರೆ ಚೆಲ್ಲು. ಆರು ತಿಂಗಳು ಎನ್ನಲು ಕಂಪನಿಗಳು ಜೀವಾಣು ಪರೀಕ್ಷೆ ಮಾಡಿಸಿರುತ್ತವೆ, ನಿನ್ನ ಅಡುಗೆಮನೆಗೆ ಆ ಅಧಿಕಾರವಿಲ್ಲ. ಹಚ್ಚುವ ಮೊದಲು ಮೊಣಕೈ ಒಳಮಗ್ಗುಲಿಗೆ ಒಂದು ವಾರ ಹಚ್ಚಿ ನೋಡು.

ಸಂತೆಯಲ್ಲೋ ಫೋನಿನಲ್ಲೋ ಸಿಗುವ ಹೆಸರಿಲ್ಲದ ಡಬ್ಬಿಗಳ ವಿಷಯವನ್ನೂ ಹೇಳಿಬಿಡುತ್ತೇನೆ. ವಾರದಲ್ಲಿ ಬೆಳ್ಳಗಾಗಿಸುವ ಕ್ರೀಮಿನಲ್ಲಿ ಪಾದರಸವೋ ಸ್ಟೀರಾಯ್ಡೋ ಇರುವ ಸಂಭವ ಹೆಚ್ಚು. ಕೇರಳದ ಕೋಟ್ಟಕ್ಕಲ್‌ನಲ್ಲಿ 2021ರಿಂದ 2023ರವರೆಗೆ ವೈದ್ಯರು ಒಂದು ಬಗೆಯ ಮೂತ್ರಪಿಂಡದ ಕಾಯಿಲೆಯ 22 ಜನರನ್ನು ನೋಡಿದರು. ಅವರಲ್ಲಿ 15 ಮಂದಿಗೆ ಇದ್ದದ್ದು ಆ ಕಾಯಿಲೆಯದೇ ಅಪರೂಪದ ಒಂದು ರೂಪ. ಆ 15ರಲ್ಲಿ 13 ಮಂದಿ ಬಿಳುಪಿನ ಕ್ರೀಮು ಹಚ್ಚುತ್ತಿದ್ದವರು. ಮುಖಕ್ಕೆ ಹಚ್ಚಿದ್ದು ಮೂತ್ರಪಿಂಡಕ್ಕೆ ಇಳಿದಿತ್ತು.

ಗೆಳತಿಯರಿಗೆ ಮಾಡಿ ಮಾರುವ ಯೋಚನೆ ಬೇಡ. 2020ರ ಕಾಸ್ಮೆಟಿಕ್ಸ್ ನಿಯಮಗಳ ಪ್ರಕಾರ ಮಾರಾಟಕ್ಕೆ ತಯಾರಿಸಲು ಪರವಾನಗಿ ಬೇಕು, ಮನೆಯಲ್ಲೇ ಮಾಡಿದ್ದು ಎಂಬ ಕಾರಣಕ್ಕೆ ವಿನಾಯಿತಿ ಇಲ್ಲ.

ನಿನ್ನ ಮೈಬಣ್ಣಕ್ಕೆ ಏನೂ ಆಗಿಲ್ಲ, ಅದನ್ನು ಬದಲಿಸುವ ಸೀರಮ್ಮೂ ಇಲ್ಲ. ಕೆನ್ನೆಯ ಮೇಲೆ ಬಂಗು ಎದ್ದಿದೆ ಅಂದೆಯಲ್ಲ, ಅದು ಬಿಸಿಲಿನಿಂದ ಹೆಚ್ಚಾಗುತ್ತದೆ. ಹಾರ್ಮೋನಿನಿಂದಲೂ ಬರುತ್ತದೆ. ತೋಟಕ್ಕೆ, ಗದ್ದೆಗೆ ಇಳಿಯುವಾಗ ಸನ್‌ಸ್ಕ್ರೀನ್ ಇಲ್ಲದೆ ಯಾವ ಸೀರಮ್ ಹಚ್ಚಿದರೂ ನೀರಿನಲ್ಲಿ ಹೋಮ. ಮೋಡ ಇದ್ದ ದಿನವೂ ಬಿಡಬೇಡ. ಮೂರು ತಿಂಗಳಾದರೂ ಬಂಗು ತಿಳಿಯಾಗದಿದ್ದರೆ ಇನ್ನೊಂದು ಸೀರಮ್ ಕಲಸುತ್ತಾ ಕೂರಬೇಡ, ಹಾಸನದ ವೈದ್ಯಕೀಯ ಕಾಲೇಜು ಆಸ್ಪತ್ರೆಗೆ ಹೋಗಿ ಚರ್ಮದ ಡಾಕ್ಟರಿಗೆ ತೋರಿಸು.