ಹವ್ಯಾಸಿ ಕಾರ್ಯಾಚರಣ ವ್ಯವಸ್ಥೆಗೆ ಕನ್ನಡ ಬಲ್ಲ ಬ್ರೌಸರ್

ಯಂತ್ರದ ಬಿಡಿಭಾಗಗಳನ್ನೂ ಅವುಗಳ ಮೇಲೆ ನಡೆಯುವ ತಂತ್ರಾಂಶಗಳನ್ನೂ ಹೊಂದಿಸಿ ನಡೆಸುವ ಮೂಲ ತಂತ್ರಾಂಶಕ್ಕೆ ಕಾರ್ಯಾಚರಣ ವ್ಯವಸ್ಥೆ ಎಂದು ಹೆಸರು. ವಿಂಡೋಸ್, ಲಿನಕ್ಸ್, ಆಂಡ್ರಾಯ್ಡ್‌ಗಳು ಅದರ ಪ್ರಸಿದ್ಧ ಉದಾಹರಣೆಗಳಾದರೆ, ಕಲಿಕೆಗಾಗಿಯೋ ಕುತೂಹಲಕ್ಕಾಗಿಯೋ ಬಿಡುವಿನ ವೇಳೆಯಲ್ಲಿ ಕೆಲವೇ ಮಂದಿ ಸೇರಿ ಕಟ್ಟುವ ವ್ಯವಸ್ಥೆಗಳನ್ನು ಹವ್ಯಾಸಿ ವ್ಯವಸ್ಥೆಗಳೆಂದು ಕರೆಯುವುದು ರೂಢಿ. ಬಿಓಎಸ್ ಎಂಬ ಹಳೆಯ ವ್ಯವಸ್ಥೆಯ ಮಾದರಿಯಲ್ಲಿ 2001ರಲ್ಲಿ ಆರಂಭವಾದ ಹೈಕು, 2015ರಿಂದ ರಸ್ಟ್ ಭಾಷೆಯಲ್ಲಿ ರೂಪುಗೊಳ್ಳುತ್ತಿರುವ ರೆಡಾಕ್ಸ್, 2018ರಲ್ಲಿ ಆಂಡ್ರಿಯಾಸ್ ಕ್ಲಿಂಗ್ ಕೈಗೆತ್ತಿಕೊಂಡ ಸೆರೆನಿಟಿಓಎಸ್ ಈ ಗುಂಪಿಗೆ ಸೇರುತ್ತವೆ. ಇಂಥ ವ್ಯವಸ್ಥೆಗಳಲ್ಲಿ ಪಠ್ಯ ಸಂಪಾದಕವನ್ನೋ ಸಣ್ಣ ಆಟವನ್ನೋ ನಡೆಸುವುದು ಕಷ್ಟವಲ್ಲ. ಆದರೆ ಬ್ರೌಸರ್ ಎಂಬುದು ಜಾಲ ಸಂಪರ್ಕ, ಗೂಢಲಿಪಿ, ಚಿತ್ರಗಳ ಬಿಡಿಸುವಿಕೆ, ಅಕ್ಷರ ವಿನ್ಯಾಸ, ಸ್ಕ್ರಿಪ್ಟ್ ಭಾಷೆ ಇವೆಲ್ಲವನ್ನೂ ಒಟ್ಟಿಗೆ ಬೇಡುವುದರಿಂದ, ವ್ಯವಸ್ಥೆಯಲ್ಲಿ ಏನೇನು ಇಲ್ಲವೆಂಬುದು ಬ್ರೌಸರ್ ತರಲು ಹೊರಟಾಗಲೇ ಬಯಲಾಗುತ್ತದೆ.

ಕೊಪ್ಪಳ ಜಿಲ್ಲೆಯ ಗಂಗಾವತಿ ಮತ್ತು ತಳಕಲ್‌ನ ಸರ್ಕಾರಿ ಎಂಜಿನಿಯರಿಂಗ್ ಕಾಲೇಜುಗಳಂಥ ಕಡೆ ಅಂತಿಮ ವರ್ಷದ ಪ್ರಾಜೆಕ್ಟ್‌ಗೆ ವಿಷಯ ಹುಡುಕುವ ವಿದ್ಯಾರ್ಥಿಗಳಿಗೆ ಹೀಗೆ ಬ್ರೌಸರ್ ತರುವುದು ಒಳ್ಳೆಯ ಕೆಲಸ. ಇದಕ್ಕೆ ಬೇಕಾದ ಸೋರ್ಸ್ ಕೋಡ್ ಎಲ್ಲವೂ ಉಚಿತವಾಗಿ ದೊರೆಯುತ್ತದೆ. ಆದರೆ ಈ ಕುರಿತ ಕೈಪಿಡಿಗಳಲ್ಲಿ ಹೆಚ್ಚಿನವು ಇಂಗ್ಲಿಷ್ ಪುಟವೊಂದು ತೆರೆದುಕೊಂಡ ಕೂಡಲೇ ಕೆಲಸ ಮುಗಿಯಿತೆಂದು ಭಾವಿಸುತ್ತವೆ. ಕವಿರಾಜಮಾರ್ಗವು ತಿರುಳ್ಗನ್ನಡದ ನಾಡನ್ನು ಗುರುತಿಸುವಾಗ ಕೊಪಣವನ್ನು, ಅಂದರೆ ಇಂದಿನ ಕೊಪ್ಪಳವನ್ನು ಹೆಸರಿಸಿದೆ. ಆ ಊರಿನ ಹೆಸರನ್ನೇ ಸರಿಯಾಗಿ ತೋರಿಸಲಾರದ ಬ್ರೌಸರನ್ನು ಇಲ್ಲಿಯ ಓದುಗರ ಮಟ್ಟಿಗೆ ಬಂದಿತೆಂದು ಹೇಳುವುದು ಕಷ್ಟ. ಆದ್ದರಿಂದ ಕನ್ನಡವನ್ನು ಕೊನೆಯ ಅಲಂಕಾರವಾಗಿ ಉಳಿಸಿಕೊಳ್ಳದೆ ಮೊದಲ ದಿನದಿಂದಲೇ ಲೆಕ್ಕಕ್ಕೆ ಹಿಡಿಯುವ ಕ್ರಮವನ್ನು ಇಲ್ಲಿ ವಿವರಿಸಲಾಗಿದೆ.

ಮೊದಲ ಹೆಜ್ಜೆ ಬ್ರೌಸರಿಗೆ ಸಂಬಂಧಿಸಿದ್ದಲ್ಲ, ವ್ಯವಸ್ಥೆಯ ತಪಾಸಣೆಗೆ ಸಂಬಂಧಿಸಿದ್ದು. ಸಿ ಭಾಷೆಯ ಮೂಲ ಲೈಬ್ರರಿ ಎಷ್ಟು ಪೂರ್ಣವಾಗಿದೆ, ಸಿ++ ಕಂಪೈಲರ್ ಆ ವ್ಯವಸ್ಥೆಗಾಗಿ ಕೋಡ್ ಹೊರಡಿಸಬಲ್ಲದೇ, ಒಂದೇ ತಂತ್ರಾಂಶದೊಳಗೆ ಹಲವು ಕೆಲಸಗಳನ್ನು ಏಕಕಾಲಕ್ಕೆ ನಡೆಸುವ ಥ್ರೆಡ್‌ಗಳು ಇವೆಯೇ, ಜಾಲದೊಂದಿಗೆ ಮಾತನಾಡುವ ದ್ವಾರಗಳಾದ ಸಾಕೆಟ್‌ಗಳು ಇವೆಯೇ, ಮೆಮೊರಿಯ ಪುಟಗಳಿಗೆ ಓದುವ, ಬರೆಯುವ, ನಡೆಸುವ ಅನುಮತಿಗಳನ್ನು ಬೇರೆಬೇರೆಯಾಗಿ ಕೊಡಲು ಕರ್ನಲ್ ಬಲ್ಲದೇ ಎಂಬ ಪ್ರಶ್ನೆಗಳಿಗೆ ಉತ್ತರಗಳನ್ನು ಬರೆದಿಟ್ಟುಕೊಳ್ಳಬೇಕು. ಕರ್ನಲ್ ಎಂದರೆ ವ್ಯವಸ್ಥೆಯ ತಿರುಳು ಭಾಗ. ಮುಂದಿನ ಆಯ್ಕೆಗಳೆಲ್ಲ ಈ ಉತ್ತರಗಳನ್ನೇ ಅವಲಂಬಿಸಿರುತ್ತವೆ.

ಎರಡನೆಯದು ಎಂಜಿನ್‌ನ ಆಯ್ಕೆ. ಪುಟದ ಸಂಕೇತಗಳನ್ನು ಓದಿ ಪರದೆಯ ಮೇಲೆ ಚಿತ್ರಿಸುವ ಭಾಗಕ್ಕೆ ಎಂಜಿನ್ ಎಂದು ಹೆಸರು. ಕ್ರೋಮಿಯಂ ಕಡೆ ಮನಸ್ಸು ಹರಿಯುವುದು ಸಹಜವಾದರೂ ಅದು ತೀರ ದೊಡ್ಡದು. ಫೈರ್‌ಫಾಕ್ಸ್‌ಗಾದರೆ ಸಿ++ ಜೊತೆಗೆ ರಸ್ಟ್ ಕಂಪೈಲರ್ ಕೂಡ ಆ ವ್ಯವಸ್ಥೆಗೆ ಮೊದಲೇ ಬಂದಿರಬೇಕು. ವೆಬ್‌ಕಿಟ್ ಎಂಬ ಎಂಜಿನ್ ತನ್ನ ಚಿತ್ರಣ, ಜಾಲ ಸಂಪರ್ಕ ಮುಂತಾದ ಭಾಗಗಳನ್ನು ವೇದಿಕೆಗೆ ತಕ್ಕಂತೆ ಬದಲಿಸಲು ಅವಕಾಶವಿರುವಂತೆ ರಚಿತವಾಗಿದ್ದು, ಹೈಕುವಿನ ವೆಬ್‌ಪಾಸಿಟಿವ್ ಬ್ರೌಸರ್ ನಿಂತಿರುವುದು ಇದರ ಮೇಲೆಯೇ. ಸೆರೆನಿಟಿಯವರದು ಬೇರೆಯೇ ಹಾದಿ: ಅವರು ಹೊರಗಿನ ಎಂಜಿನ್ ತಾರದೆ ಸ್ವಂತದ್ದನ್ನು ಮೊದಲ ಸಾಲಿನಿಂದ ಬರೆದರು, ಅದರಿಂದ ಹುಟ್ಟಿದ ಲೇಡಿಬರ್ಡ್ 2024ರಲ್ಲಿ ತಾಯಿ ಯೋಜನೆಯಿಂದ ಬೇರ್ಪಟ್ಟು ಸ್ವತಂತ್ರ ಬ್ರೌಸರ್ ಯೋಜನೆಯಾಯಿತು. ಇದು ಮೆಚ್ಚತಕ್ಕ ಸಾಹಸವೇ ಹೊರತು ಒಂದು ಶೈಕ್ಷಣಿಕ ವರ್ಷದಲ್ಲಿ ಅನುಕರಿಸತಕ್ಕ ಮಾದರಿಯಲ್ಲ. ಮೊದಲ ಪ್ರಯತ್ನಕ್ಕೆ ಯೋಗ್ಯವಾದದ್ದು ನೆಟ್‌ಸರ್ಫ್. 2002ರಲ್ಲಿ ರಿಸ್ಕ್ ಓಎಸ್‌ಗಾಗಿ ಆರಂಭವಾದ ಈ ಬ್ರೌಸರ್ ಬಹುತೇಕ ಸಿ ಭಾಷೆಯಲ್ಲಿದ್ದು, ಕಡಿಮೆ ಮೆಮೊರಿಯಲ್ಲಿ ನಡೆಯುತ್ತದೆ. ಕೊಲಿಬ್ರಿ, ರೆಡಾಕ್ಸ್‌ಗಳಂಥ ಸಣ್ಣ ವ್ಯವಸ್ಥೆಗಳಿಗೂ ಇದನ್ನು ಒಯ್ದವರಿದ್ದಾರೆ, ಅಂದರೆ ಪೋರ್ಟ್ ಮಾಡಿದವರಿದ್ದಾರೆ. ಸ್ಕ್ರಿಪ್ಟ್ ವಿಷಯದಲ್ಲಿ ಇದು ದುರ್ಬಲವೆಂಬುದು ನಿಜ. ಆದರೆ ಪೂರ್ಣಗೊಳ್ಳದ ವೆಬ್‌ಕಿಟ್ ಪೋರ್ಟ್‌ಗಿಂತ ನಡೆಯುವ ನೆಟ್‌ಸರ್ಫ್ ಹೆಚ್ಚು ಕಲಿಸುತ್ತದೆ.

ಮೂರನೆಯದಾಗಿ ಕಟ್ಟುವ ಜಾಗವನ್ನು ಸಿದ್ಧಪಡಿಸಬೇಕು. ಹವ್ಯಾಸಿ ವ್ಯವಸ್ಥೆಯೊಳಗೇ ಕಂಪೈಲ್ ಮಾಡಲು ಹೊರಡದೆ, ಲಿನಕ್ಸ್ ಯಂತ್ರದಲ್ಲಿ ಕುಳಿತು ಆ ವ್ಯವಸ್ಥೆಗೆ ಬೇಕಾದ ಕೋಡ್ ಹೊರಡಿಸುವ ಕ್ರಾಸ್ ಕಂಪೈಲರನ್ನು ಬಳಸುವುದೂ, ಫಲಿತಾಂಶವನ್ನು ಯಂತ್ರದೊಳಗಿನ ಯಂತ್ರದಂತೆ ವರ್ತಿಸುವ ಕ್ಯೂಎಮು ತಂತ್ರಾಂಶದಲ್ಲಿ ಓಡಿಸಿ ನೋಡುವುದೂ ಲೇಸು. ಮಧ್ಯೆ ವಿದ್ಯುತ್ ಹೋದರೂ ಚಿಂತೆಯಿಲ್ಲ. ಕಟ್ಟುವ ಕೆಲಸವನ್ನು ನಡೆಸುವ ಮೇಕ್ ಮತ್ತು ನಿಂಜಾಗಳು ಮುಗಿದ ಕಡತಗಳನ್ನು ಬಿಟ್ಟು ಉಳಿದವನ್ನಷ್ಟೇ ಮುಂದುವರಿಸುತ್ತವೆ. ವೆಬ್‌ಕಿಟ್ ಆಯ್ದುಕೊಂಡವರು ಮಾತ್ರ 8 ಜಿಬಿ ಮೆಮೊರಿಯ ಯಂತ್ರದಲ್ಲಿ ಏಕಕಾಲಕ್ಕೆ ಕಂಪೈಲಾಗುವ ಕಡತಗಳ ಸಂಖ್ಯೆಯನ್ನು ಇಳಿಸಬೇಕು, ಇಲ್ಲವಾದರೆ ಮೆಮೊರಿ ಸಾಲದೆ ಕೆಲಸ ಅರ್ಧಕ್ಕೆ ನಿಲ್ಲುತ್ತದೆ.

ನಾಲ್ಕನೆಯ ಹೆಜ್ಜೆಯಲ್ಲಿ ಲೈಬ್ರರಿಗಳನ್ನು ತಳದಿಂದ ಮೇಲಕ್ಕೆ ಒಂದೊಂದಾಗಿ ತರಬೇಕು: ಕುಗ್ಗಿಸಿದ ದತ್ತಾಂಶವನ್ನು ಬಿಡಿಸುವ ಜ಼ಡ್‌ಲಿಬ್, ಚಿತ್ರಗಳಿಗಾಗಿ ಲಿಬ್‌ಪಿಎನ್‌ಜಿ ಮತ್ತು ಲಿಬ್‌ಜೆಪೆಗ್, ಅಕ್ಷರಗಳ ಆಕಾರವನ್ನು ಫಾಂಟ್ ಕಡತದಿಂದ ಓದುವ ಫ್ರೀಟೈಪ್, ಗೂಢಲಿಪಿಗಾಗಿ ಓಪನ್‌ಎಸ್‌ಎಸ್‌ಎಲ್, ಜಾಲದಿಂದ ಪುಟ ತರುವ ಕರ್ಲ್. ಪ್ರತಿಯೊಂದು ಬಂದ ಕೂಡಲೇ ಅದರದೇ ಸಣ್ಣ ಪರೀಕ್ಷೆಯನ್ನು ನಡೆಸದಿದ್ದರೆ, ಕೊನೆಗೆ ಬ್ರೌಸರ್ ಕುಸಿದಾಗ ತಪ್ಪು ಯಾವ ಪದರದ್ದೆಂದು ತಿಳಿಯದೆ ದಿನಗಳು ಕಳೆಯುತ್ತವೆ. ಬಳಿಕ ನೆಟ್‌ಸರ್ಫ್‌ನ ಫ್ರೇಮ್‌ಬಫರ್ ಆವೃತ್ತಿಯನ್ನು ಆರಿಸಿಕೊಳ್ಳಬೇಕು. ಫ್ರೇಮ್‌ಬಫರ್ ಎಂದರೆ ಪರದೆಯ ಪ್ರತಿ ಚುಕ್ಕೆಯ ಬಣ್ಣವನ್ನು ಹಿಡಿದಿಡುವ ಮೆಮೊರಿ. ಲಿಬ್‌ಎನ್‌ಎಸ್‌ಎಫ್‌ಬಿ ಎಂಬ ಅದರ ಲೈಬ್ರರಿಯಲ್ಲಿ ಹೊಸ ವ್ಯವಸ್ಥೆಗಾಗಿ ಒಂದು ಕಡತ ಬರೆದು, ಪರದೆಯನ್ನು ತೆರೆಯುವುದು, ಅಳತೆ ತಿಳಿಸುವುದು, ಬದಲಾದ ಭಾಗವನ್ನು ಮರುಚಿತ್ರಿಸುವುದು, ಕೀಲಿಮಣೆ ಮತ್ತು ಮೌಸ್‌ಗಳ ಸುದ್ದಿ ತಲುಪಿಸುವುದು ಇಷ್ಟನ್ನು ಒದಗಿಸಿದರೆ ವ್ಯವಸ್ಥೆಗೆಂದೇ ಹೊಸದಾಗಿ ಬರೆಯಬೇಕಾದ ಚಿತ್ರಣದ ಕೋಡ್ ಬಹುಮಟ್ಟಿಗೆ ಮುಗಿಯುತ್ತದೆ.

ಜಾಲ ಸಂಪರ್ಕವನ್ನು ಪರೀಕ್ಷಿಸಲು ನೇರವಾಗಿ ಇಂಟರ್ನೆಟ್‌ಗೆ ಹೋಗಬೇಕಾಗಿಲ್ಲ. ಕ್ಯೂಎಮುವಿನ ಸಾಮಾನ್ಯ ಜಾಲ ವಿಧಾನದಲ್ಲಿ ಒಳಗಿನ ವ್ಯವಸ್ಥೆಗೆ ಹೊರಗಿನ ಯಂತ್ರವು 10.0.2.2 ಎಂಬ ವಿಳಾಸದಲ್ಲೂ, ಹೆಸರುಗಳನ್ನು ವಿಳಾಸಗಳನ್ನಾಗಿ ಬದಲಿಸುವ ಡಿಎನ್‌ಎಸ್ ಸೇವೆಯು 10.0.2.3ರಲ್ಲೂ ಸಿಗುತ್ತವೆ, ಹೊರಗಿನ ಯಂತ್ರದಲ್ಲಿ ಪೈಥಾನ್‌ನ ಚಿಕ್ಕ ಸರ್ವರನ್ನು 8000ನೇ ಪೋರ್ಟ್‌ನಲ್ಲಿ ಆರಂಭಿಸಿ ಒಳಗಿನಿಂದ ಆ ಪುಟವನ್ನು ತೆರೆಯಬಹುದು. ಗೂಢಲಿಪಿಯುಳ್ಳ ತಾಣಗಳಿಗೆ ಹೋದಾಗ ಎಲ್ಲವೂ ವಿಫಲವಾದರೆ, ಕೋಡ್ ತಿದ್ದುವ ಮೊದಲು ವ್ಯವಸ್ಥೆಯ ಗಡಿಯಾರವನ್ನು ನೋಡಬೇಕು. ತಾಣದ ಪ್ರಮಾಣಪತ್ರಕ್ಕೆ ಆರಂಭದ ಮತ್ತು ಮುಕ್ತಾಯದ ದಿನಾಂಕಗಳಿರುವುದರಿಂದ, ತನ್ನನ್ನು 1970ರಲ್ಲಿದೆಯೆಂದು ಭಾವಿಸಿದ ವ್ಯವಸ್ಥೆಗೆ ಯಾವ ಪ್ರಮಾಣಪತ್ರವೂ ಒಪ್ಪಿಗೆಯಾಗದು. ಗಡಿಯಾರ ಸರಿಯಿದ್ದೂ ದೋಷ ಉಳಿದರೆ, ನಂಬತಕ್ಕ ಪ್ರಮಾಣ ಸಂಸ್ಥೆಗಳ ಪಟ್ಟಿಯಾದ ಮೊಜಿಲ್ಲಾದ ಕಡತವನ್ನು ವ್ಯವಸ್ಥೆಯೊಳಗೆ ಇಡಲಾಗಿದೆಯೇ, ಕರ್ಲ್‌ಗೆ ಅದರ ಜಾಗ ತಿಳಿದಿದೆಯೇ ಎಂದು ನೋಡಬೇಕು. ಪರಿಶೀಲನೆಯನ್ನೇ ನಿಲ್ಲಿಸಿ ಪುಟ ತೆರೆಸುವ ಅಡ್ಡದಾರಿ ಎಷ್ಟೇ ಸುಲಭವಾಗಿ ಕಂಡರೂ ಅದನ್ನು ಹಿಡಿಯಬಾರದು.

ಇನ್ನು ಕನ್ನಡ. ಪರೀಕ್ಷೆಯ ಪುಟದಲ್ಲಿ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಎಂಬ ನಾಲ್ಕು ಹೆಸರುಗಳನ್ನು ಬರೆದರೆ ಸಾಕು. ಕೊಪ್ಪಳವು 1997ರಲ್ಲಿ ರಾಯಚೂರಿನಿಂದ ಬೇರ್ಪಟ್ಟು ಜಿಲ್ಲೆಯಾದಾಗ ಇದ್ದ ಈ ನಾಲ್ಕು ತಾಲ್ಲೂಕುಗಳ ಹೆಸರುಗಳೊಳಗೆ ಕನ್ನಡ ಲಿಪಿಯ ಮುಖ್ಯ ತೊಡಕುಗಳೆಲ್ಲ ಅಡಗಿವೆ. ಪುಟ ತೆರೆದಾಗ ಅರ್ಥವಿಲ್ಲದ ಲ್ಯಾಟಿನ್ ಗುರುತುಗಳು ಕಂಡರೆ ದೋಷ ಎನ್‌ಕೋಡಿಂಗ್‌ನದು, ಅಂದರೆ ಅಕ್ಷರಗಳನ್ನು ಸಂಖ್ಯೆಗಳಾಗಿ ಬರೆದಿಡುವ ಕ್ರಮದ್ದು. ಯುಟಿಎಫ್-8 ಕ್ರಮದಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ 3 ಬೈಟ್ ಬೇಕಾಗುವುದರಿಂದ, ಕಣ್ಣಿಗೆ ಮೂರೇ ಅಕ್ಷರವಾಗಿ ಕಾಣುವ ‘ಕೊಪ್ಪಳ’ ಒಳಗೆ 6 ಸಂಕೇತಗಳೂ 18 ಬೈಟ್‌ಗಳೂ ಆಗಿರುತ್ತದೆ. ಬರಿಯ ಚೌಕಗಳು ಕಂಡರೆ ಫಾಂಟ್ ಇಲ್ಲವೆಂದು ಅರ್ಥ. ನೋಟೊ ಸಾನ್ಸ್ ಕನ್ನಡ, ಲೋಹಿತ್ ಕನ್ನಡ, ನವಿಲು, ಗುಬ್ಬಿ ಇವುಗಳಲ್ಲಿ ಯಾವುದಾದರೊಂದು ಮುಕ್ತ ಫಾಂಟ್ ಸೇರಿಸಬೇಕು. ಅಕ್ಷರಗಳು ಕಂಡರೂ ಬಿಡಿಬಿಡಿಯಾಗಿ ಚದುರಿದ್ದರೆ ಕೊರತೆಯಿರುವುದು ಅಕ್ಷರ ಜೋಡಣೆಯಲ್ಲಿ, ಎಂದರೆ ಸಂಕೇತಗಳ ಸಾಲನ್ನು ಗುಣಿತ, ಒತ್ತುಗಳ ಸರಿಯಾದ ಆಕಾರಗಳಾಗಿ ಕೂಡಿಸುವ ಕೆಲಸದಲ್ಲಿ.

ನೆಟ್‌ಸರ್ಫ್‌ನ ಫ್ರೇಮ್‌ಬಫರ್ ಆವೃತ್ತಿ ಈ ಮೂರನೆಯ ಸ್ಥಿತಿಯಲ್ಲೇ ನಿಲ್ಲುತ್ತದೆ, ಏಕೆಂದರೆ ಅದು ಒಂದು ಸಂಕೇತಕ್ಕೆ ಒಂದು ಆಕಾರ ಎಂಬ ಇಂಗ್ಲಿಷಿನ ಲೆಕ್ಕದಲ್ಲಿ ಸಾಗುತ್ತದೆ. ಆಗ ‘ಕೊಪ್ಪಳ’ದ ಪಕಾರದ ಒತ್ತು ಕೆಳಗಿಳಿಯದೆ ಪೂರ್ಣಾಕ್ಷರವಾಗಿ ಪಕ್ಕದಲ್ಲೇ ಉಳಿಯುತ್ತದೆ, ‘ಕುಷ್ಟಗಿ’ಯ ಟಕಾರಕ್ಕೂ ಅದೇ ಗತಿ, ‘ಯಲಬುರ್ಗಾ’ದಲ್ಲಿ ಉಚ್ಚಾರದಲ್ಲಿ ಮೊದಲು ಬಂದರೂ ಬರವಣಿಗೆಯಲ್ಲಿ ಗಾಕಾರದ ಬಲಕ್ಕೆ ಹೋಗಬೇಕಾದ ಅರ್ಕಾವೊತ್ತು ಹುಟ್ಟುವುದೇ ಇಲ್ಲ. ಹೆಚ್ಚು ಮೋಸ ಮಾಡುವುದು ‘ಗಂಗಾವತಿ’. ಅದರಲ್ಲಿ ಒತ್ತಕ್ಷರವಿಲ್ಲದ್ದರಿಂದ ಜೋಡಣೆ ಇಲ್ಲದೆಯೂ ಓದಲು ಬರುತ್ತದೆ; ಗಾಕಾರದಲ್ಲಿ ತಲಕಟ್ಟು ಹೋಗದೆ ಉಳಿದಿರುವುದನ್ನೂ, ತಿಕಾರದಲ್ಲಿ ಗುಡಿಸು ಕೂಡಿಕೊಳ್ಳದೆ ಇರುವುದನ್ನೂ ಹತ್ತಿರದಿಂದ ನೋಡಿದವರಷ್ಟೇ ಗುರುತಿಸಬಲ್ಲರು. ಕನ್ನಡ ಓದಲು ಬಾರದ ಪರೀಕ್ಷಕರು ಈ ಹೆಸರೊಂದನ್ನೇ ನೋಡಿ ಎಲ್ಲ ಸರಿಯಿದೆಯೆಂದು ಷರಾ ಬರೆಯುವ ಸಂಭವ ಹೆಚ್ಚು.

ಪರಿಹಾರವೆಂದರೆ ಹಾರ್ಫ್‌ಬಜ಼್ ಎಂಬ ಅಕ್ಷರ ಜೋಡಣೆಯ ಲೈಬ್ರರಿ. ಫೈರ್‌ಫಾಕ್ಸ್, ಕ್ರೋಮ್, ಆಂಡ್ರಾಯ್ಡ್‌ಗಳೆಲ್ಲ ಬಳಸುವ ಇದು ಸಿ++ ಭಾಷೆಯಲ್ಲಿದ್ದರೂ ಆ ಭಾಷೆಯ ದೊಡ್ಡ ಸಹಾಯಕ ಲೈಬ್ರರಿಯನ್ನು ನೆಚ್ಚಿಕೊಂಡಿಲ್ಲವಾದ್ದರಿಂದ ಸಣ್ಣ ವ್ಯವಸ್ಥೆಗಳಿಗೂ ಒಗ್ಗುತ್ತದೆ. ನೆಟ್‌ಸರ್ಫ್‌ನಲ್ಲಿ ಪಠ್ಯದ ಅಗಲವನ್ನು ಅಳೆಯುವ, ಕ್ಲಿಕ್ ಆದ ಜಾಗದ ಅಕ್ಷರವನ್ನು ಹುಡುಕುವ, ಸಾಲನ್ನು ಮುರಿಯುವ ಮೂರು ಫಂಕ್ಷನ್‌ಗಳಿವೆ. ಚಿತ್ರಿಸುವ ಭಾಗವನ್ನಷ್ಟೇ ಬದಲಿಸಿ ಇವನ್ನು ಹಾಗೆಯೇ ಬಿಟ್ಟರೆ ಅಳತೆಯೂ ಚಿತ್ರವೂ ಹೊಂದದೆ ಪದಗಳ ನಡುವೆ ವಿಚಿತ್ರ ಅಂತರಗಳು ಮೂಡುತ್ತವೆ, ಆದಕಾರಣ ನಾಲ್ಕೂ ಕಡೆ ಹಾರ್ಫ್‌ಬಜ಼್ ಕೊಟ್ಟ ಫಲಿತಾಂಶವನ್ನೇ ಬಳಸಬೇಕು. ಲಿಪಿ ಕನ್ನಡವೆಂದು ಅದಕ್ಕೆ ತಿಳಿಸುವುದೂ ಅಗತ್ಯ. ಇದಾದ ಮೇಲೆ ‘ಬ್ರೌಸರ್‌ಗೆ’ ಎಂಬ ಪದವನ್ನೂ ಪರೀಕ್ಷಿಸಬೇಕು: ರಕಾರದ ನಂತರ ಕಣ್ಣಿಗೆ ಕಾಣದ, ಅಕ್ಷರಗಳು ಕೂಡದಂತೆ ತಡೆಯುವ ಸಂಕೇತವೊಂದು ಅದರಲ್ಲಿದ್ದು, ಎಂಜಿನ್ ಅದನ್ನು ಕಸವೆಂದು ತೆಗೆದುಹಾಕಿದರೆ ಪದ ‘ಬ್ರೌಸರ್ಗೆ’ ಎಂದಾಗುತ್ತದೆ.

ಸ್ಕ್ರಿಪ್ಟ್ ಕುರಿತು ಒಂದೇ ಮಾತು ಸಾಕು. ವೆಬ್‌ಕಿಟ್‌ನ ಹಾದಿ ಹಿಡಿದವರು, ಓಡುತ್ತಿರುವಾಗಲೇ ಯಂತ್ರಭಾಷೆಯ ಕೋಡ್ ಹೊರಡಿಸುವ ಜಿಟ್ ಎಂಬ ವೇಗವರ್ಧಕವನ್ನು ಮೊದಲಿಗೆ ನಿಲ್ಲಿಸಿ, ನಿಧಾನವಾದರೂ ಎಲ್ಲೆಡೆ ನಡೆಯುವ ಸಿ ಲೂಪ್ ವಿಧಾನದಲ್ಲಿ ಕಟ್ಟಬೇಕು. ಮೆಮೊರಿ ಅನುಮತಿಗಳ ತಪಾಸಣೆ ಮುಗಿದ ಮೇಲೆ ಜಿಟ್ ಸೇರಿಸಬಹುದು.

ನಿಜವಾದ ತಾಣಗಳ ಪರೀಕ್ಷೆಗೆ ಕನ್ನಡ ವಿಕಿಪೀಡಿಯ ಮೊದಲು, ಏಕೆಂದರೆ ಅದರ ಲೇಖನಗಳನ್ನು ಸ್ಕ್ರಿಪ್ಟ್ ಇಲ್ಲದೆಯೂ ಓದಬಹುದು; ಆಮೇಲೆ ಕೊಪ್ಪಳ ಜಿಲ್ಲಾಡಳಿತದ ಜಾಲತಾಣ; ಪಹಣಿ ತೋರಿಸುವ ಭೂಮಿ ತಾಣ ಕೊನೆಗೆ, ಏಕೆಂದರೆ ಅಲ್ಲಿ ಜಿಲ್ಲೆ, ತಾಲ್ಲೂಕು, ಹೋಬಳಿಗಳ ಆಯ್ಕೆ ಸ್ಕ್ರಿಪ್ಟ್ ಬಲದಿಂದಲೇ ಮುಂದೆ ಸಾಗುತ್ತದೆ. ಹಳೆಯ ಪುಟ ಯಾವುದಾದರೂ ನುಡಿ ತಂತ್ರಾಂಶದ ಯುನಿಕೋಡ್ ಅಲ್ಲದ ಅಕ್ಷರಗಳಲ್ಲಿದ್ದು ಗೊಂದಲವಾಗಿ ಕಂಡರೆ ಅದು ಪೋರ್ಟ್‌ನ ತಪ್ಪಲ್ಲ. ಹೊಸದಾಗಿ ಕಟ್ಟಿದ ಬ್ರೌಸರಿನಲ್ಲಿ ಬ್ಯಾಂಕ್ ಪಾಸ್‌ವರ್ಡ್, ಆಧಾರ್ ಒಟಿಪಿಗಳನ್ನು ಯಾರೂ ಹಾಕಬಾರದು.

ಕೆಲಸ ನಡೆದ ಮೇಲೆ ಬದಲಾವಣೆಗಳನ್ನು ಸಣ್ಣ ಸಣ್ಣ ತುಂಡುಗಳಾಗಿ ವಿಂಗಡಿಸಿ, ವ್ಯವಸ್ಥೆಗೆ ಸಂಬಂಧಿಸಿದ್ದನ್ನು ಅದರ ಯೋಜನೆಗೂ, ಅಕ್ಷರ ಜೋಡಣೆಗೆ ಸಂಬಂಧಿಸಿದ್ದನ್ನು ನೆಟ್‌ಸರ್ಫ್‌ಗೂ ಕಳುಹಿಸಬೇಕು. ಎರಡನೆಯದು ಹಿಂದಿ, ತೆಲುಗು, ಬಂಗಾಳಿಗಳಿಗೂ ಒದಗುವಂಥದ್ದು. ಕಟ್ಟುವ ಕ್ರಮವನ್ನು ಒಂದೇ ಆಜ್ಞೆಯಿಂದ ನಡೆಯುವ ಸ್ಕ್ರಿಪ್ಟ್ ಕಡತವಾಗಿ ಬರೆದು, ಬಳಸಿದ ಪ್ರತಿ ಲೈಬ್ರರಿಯ ಆವೃತ್ತಿ ಸಂಖ್ಯೆಯನ್ನೂ ನಾಲ್ಕು ಹೆಸರುಗಳ ಪರೀಕ್ಷಾ ಪುಟವನ್ನೂ ಅದರೊಂದಿಗೆ ಇರಿಸಿದರೆ, ಓಪನ್‌ಎಸ್‌ಎಸ್‌ಎಲ್‌ಗೆ ಭದ್ರತಾ ತಿದ್ದುಪಡಿ ಬಂದಾಗ ಮುಂದಿನ ವರ್ಷದ ತಂಡವು ಆ ಒಂದು ಲೈಬ್ರರಿಯನ್ನು ಬದಲಿಸಿ ಬ್ರೌಸರನ್ನು ಮತ್ತೆ ಕಟ್ಟಿಕೊಳ್ಳಬಹುದು.